ಎಬ್ಬಿಸುವುದೋ, ಮಲಗಿಸುವುದೋ: ಭತ್ತದ ಗದ್ದೆಯ ಕಳೆಬೀಜ ಕುರಿತು ಮಾವ–ಅಳಿಯರ ಸಂವಾದ

ನೇತ್ರಾವತಿಯ ದಂಡೆಯಲ್ಲಿರುವ ಪಾಣೆಮಂಗಳೂರಿನ ಸುತ್ತಲೂ, ಅಲ್ಲಿಂದಾಚೆಗೆ ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಗೂ ಭತ್ತದ ಗದ್ದೆಗಳನ್ನು ನೀರಿನ ನೆಲೆ ನೋಡಿ ಮೂರಾಗಿ ವಿಂಗಡಿಸುವುದು ತುಳುನಾಡಿನ ಹಳೆಯ ರೂಢಿ. ತಗ್ಗಿನಲ್ಲಿದ್ದು ಬೇಗ ನೀರಾರದ ಗದ್ದೆ ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆ ನಾಲ್ಕು ದಿನ ತಡೆದರೆ ಬಿರುಕು ಬಿಡುವ ಎತ್ತರದ ಗದ್ದೆ ಬೆಟ್ಟು. ಮಳೆಗಾಲದ ಏಣೆಲು ಬೆಳೆ ಮೂರರಲ್ಲಿಯೂ ಬರುತ್ತದೆ, ಸುಗ್ಗಿ ಬೆಳೆ ಮಜಲು ಮತ್ತು ಬೈಲುಗಳಲ್ಲಿ, ಬೇಸಿಗೆಯ ಕೊಳಕೆ ಬೈಲಿನಲ್ಲಿ ಮಾತ್ರ. ಈ ಲೆಕ್ಕ ಈಗ ಬಹುಮಟ್ಟಿಗೆ ಮಾತಿನಲ್ಲಷ್ಟೇ ಉಳಿದಿದೆ: ಕೊಳಕೆ ಅಪರೂಪವಾಗಿದೆ, ಹಲವು ಮಜಲುಗಳು ಅಡಿಕೆ ತೋಟಗಳಾಗಿವೆ, ಬೆಟ್ಟುಗಳು ಹಡಿಲು ಬಿದ್ದಿವೆ, ಎಂದರೆ ಸಾಗುವಳಿಯಿಲ್ಲದೆ ಪಾಳು ಉಳಿದಿವೆ. ಭತ್ತ ಬಿಟ್ಟವರನ್ನು ಕಾರಣ ಕೇಳಿದರೆ ಆಳಿನ ಅಭಾವದ ಬೆನ್ನಿಗೇ ಬರುವ ಉತ್ತರ ಕಳೆ.

ಕಳೆಯೆಂದೊಡನೆ ಕಣ್ಣಿಗೆ ಕಟ್ಟುವುದು ಭತ್ತದ ನಡುವೆ ಎದ್ದುನಿಂತ ಹುಲ್ಲು. ಕೃಷಿವಿಜ್ಞಾನದ ಗಮನವಾದರೋ ಅದಕ್ಕಿಂತ ಹೆಚ್ಚಾಗಿ ಇನ್ನೂ ಮೊಳೆಯದೆ ಮಣ್ಣಿನಲ್ಲಿ ಉಳಿದಿರುವ ಬೀಜಗಳ ಮೇಲಿದೆ. ಅವುಗಳ ಒಟ್ಟು ಸಂಗ್ರಹವನ್ನು ಕಳೆಬೀಜ ನಿಧಿ ಎಂದೂ, ತೇವ, ಶಾಖ, ಗಾಳಿ ಎಲ್ಲ ಒದಗಿದರೂ ಬೀಜ ಮೊಳೆಯದೆ ಇರುವ ಸ್ಥಿತಿಯನ್ನು ಸುಪ್ತಾವಸ್ಥೆ ಎಂದೂ ಕರೆಯುತ್ತಾರೆ. ಈ ಬೀಜಗಳನ್ನು ಮಲಗಿದಲ್ಲಿಯೇ ಮಲಗಿಸಿಡುವುದು ಲೇಸೋ, ಬೇಕೆಂದೇ ಎಬ್ಬಿಸಿ ಬೆಳೆ ಇಡುವ ಮುನ್ನ ನಾಶಮಾಡುವುದು ಲೇಸೋ ಎಂಬ ಪ್ರಶ್ನೆಗೆ ಎರಡು ಮಗ್ಗುಲುಗಳಿವೆ. ಕೆಳಗಿನ ಸಂವಾದದಲ್ಲಿ ಮಾತನಾಡುವವರಲ್ಲಿ ಒಬ್ಬರು ಹೊಳೆಬದಿಯ ಬೈಲುಗದ್ದೆಯನ್ನು ಬಹುಕಾಲ ಸಾಗುವಳಿ ಮಾಡಿದ ಸೋದರಮಾವ. ಇನ್ನೊಬ್ಬ ಕೃಷಿ ಪದವಿ ಓದಿ ಬಂದು, ಮನೆಯ ಹಡಿಲು ಮಜಲು, ಬೆಟ್ಟುಗಳಲ್ಲಿ ಮತ್ತೆ ಭತ್ತ ತೆಗೆಯಲು ಹೊರಟ ಅಳಿಯ. ಇಬ್ಬರೂ ಊರಿನಲ್ಲಿ ಕೇಳಿಬರುವ ಎರಡು ಬಗೆಯ ಮಾತಿನ ಪ್ರತಿನಿಧಿಗಳೆಂದು ತಿಳಿದರೆ ಸಾಕು.

ಮಾವ: ಹಿಂದಿನವರಿಗೆ ಗೊತ್ತಿದ್ದ ದೊಡ್ಡ ಕಳೆಮದ್ದು ನೀರು. ನೇಜಿ ನೆಟ್ಟು ಬೇರು ಹಿಡಿದ ಮೇಲೆ ನಾಲ್ಕು ಬೆರಳಿನಷ್ಟು ನೀರು ಕಟ್ಟಿ, ಹುಣಿಯಲ್ಲಿ ಏಡಿ ಕೊರೆದ ತೂತುಗಳನ್ನು ಕೆಸರು ಮೆತ್ತಿ ಮುಚ್ಚಿ, ನೀರು ಇಳಿಯದಂತೆ ನೋಡಿಕೊಂಡರೆ ಅಡಿಯ ಬೀಜ ಏಳುವುದೇ ಕಡಿಮೆ. ಒಂದಷ್ಟು ಎದ್ದರೂ ಅಷ್ಟು ಹೊತ್ತಿಗೆ ನೇಜಿಗೆ ತಿಂಗಳ ವಯಸ್ಸಾಗಿರುತ್ತದೆ, ಕಳೆ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಇಷ್ಟು ಸುಲಭದ ದಾರಿ ಇರುವಾಗ ಮಲಗಿದ್ದನ್ನು ಎಬ್ಬಿಸಿ ಜಗಳಕ್ಕೆ ಕರೆಯುವುದು ಯಾವ ಬುದ್ಧಿವಂತಿಕೆ ಮಾರಾಯ?

ಅಳಿಯ: ನೀರಿನ ಗುಣದ ಬಗ್ಗೆ ತಕರಾರಿಲ್ಲ ಮಾವ. ಮೊಳೆಯುವ ಬೀಜಕ್ಕೆ ಉಸಿರಾಡಲು ಆಮ್ಲಜನಕ ಬೇಕು, ನಿಂತ ನೀರಿನಡಿಯ ಕೆಸರಿನಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಬರಿಯ ಮಣ್ಣು ಹಗಲು ಕಾದು ರಾತ್ರಿ ತಣಿಯುವಾಗ ಆಗುವ ಉಷ್ಣತೆಯ ಏರಿಳಿತವೂ ಬಹಳ ಕಳೆಬೀಜಗಳಿಗೆ ಏಳುವ ಸೂಚನೆ, ನೀರು ಆ ಏರಿಳಿತವನ್ನು ತಗ್ಗಿಸುತ್ತದೆ. ಆದರೆ ನೀರು ಬೀಜವನ್ನು ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ ಅಷ್ಟೆ. ನೀರು ಆರಿದ ದಿನ ಅದೇ ಬೀಜ ಎದ್ದು ನಿಲ್ಲುತ್ತದೆ. ಅಲ್ಲದೆ ಎಲ್ಲ ಕಳೆಗೂ ನೀರು ಶತ್ರುವಲ್ಲ. ಬೈಲಿನಲ್ಲಿ ನೀಲಿ ಹೂ ಬಿಡುವ, ಹೃದಯದಾಕಾರದ ಎಲೆಯ ಮೊನೊಕೋರಿಯ ಎಂಬ ಸಸ್ಯ ಆಮ್ಲಜನಕ ಕಡಿಮೆಯಿದ್ದಾಗಲೇ ಚೆನ್ನಾಗಿ ಮೊಳೆಯುತ್ತದೆ. ವರ್ಷವರ್ಷವೂ ನೀರೊಂದನ್ನೇ ನೆಚ್ಚಿದ ಗದ್ದೆ ನೀರಿಗೆ ಒಗ್ಗಿದ ಕಳೆಗಳನ್ನೇ ಆರಿಸಿ ಸಾಕಿದ ಹಾಗಾಗುತ್ತದೆ.

ಮಾವ: ಆರಿಸಿ ಉಳಿದದ್ದು ಎರಡೋ ಮೂರೋ ಜಾತಿಯಾದರೆ ಕೈಯಲ್ಲೇ ಕೀಳಬಹುದು.

ಅಳಿಯ: ಯಾರ ಕೈಯಲ್ಲಿ? ನಾಟಿಯ ಇಪ್ಪತ್ತನೆಯ ದಿನ ಒಮ್ಮೆ, ನಲವತ್ತನೆಯ ದಿನ ಒಮ್ಮೆ ಸಾಲು ಹಿಡಿದು ಕಳೆ ತೆಗೆಯುತ್ತಿದ್ದ ಹೆಂಗಸರ ಮಕ್ಕಳು ಈಗ ಬೇರೆ ಬೇರೆ ಉದ್ಯೋಗಗಳಲ್ಲಿದ್ದಾರೆ, ಅದು ಒಳ್ಳೆಯದೇ ಆಯಿತು. ಬೆನ್ನು ಬಾಗಿಸಿ ದಿನವಿಡೀ ಕೆಸರಲ್ಲಿ ನಿಲ್ಲುವ ಕೆಲಸ ಮುಂದೆಯೂ ಅಗ್ಗದ ಕೂಲಿಗೆ ಸಿಗಲಿ ಎಂದು ಬಯಸುವುದು ನ್ಯಾಯವಲ್ಲ. ಇನ್ನು ಬೆಟ್ಟಿನ ಮಾತು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬಿದ್ದರೂ ಮುರಕಲ್ಲಿನ ನೆಲದ ಬೆಟ್ಟಿನಲ್ಲಿ ನಾಲ್ಕು ಬೆರಳು ನೀರು ನಿಲ್ಲಿಸುವುದಾಗದು, ಮಳೆ ಬಿಟ್ಟ ಮರುದಿನ ಅದು ಇಂಗಿರುತ್ತದೆ. ಬೈಲಿನ ನ್ಯಾಯವನ್ನು ಬೆಟ್ಟಿಗೆ ಹೇಳಿದರೆ ಏನು ಬಂತು?

ಈ ಮಾತಿಗೆ ಮಾವನವರು ಕೂಡಲೇ ಉತ್ತರಿಸುವುದಿಲ್ಲ, ಏಕೆಂದರೆ ಬೆಟ್ಟನ್ನು ಹಡಿಲು ಬಿಟ್ಟವರು ಅವರೇ. ನೀರಿನ ಮೇಲೆ ಹಿಡಿತವಿರುವವನ ಕಳೆಶಾಸ್ತ್ರವೇ ಬೇರೆ, ಇಲ್ಲದವನದೇ ಬೇರೆ ಎಂಬುದು ಹಲವು ಕೈಪಿಡಿಗಳು ಮರೆಯುವ ಸಂಗತಿ.

ಮಾವ: ಹಾಗಾದರೆ ಬೆಟ್ಟಿಗೆ ನಿನ್ನ ಮದ್ದೇನು?

ಅಳಿಯ: ಬೀಜವನ್ನು ಮೊದಲೇ ಎಬ್ಬಿಸುವುದು. ಬಿಸು ಹಬ್ಬದ ಆಚೀಚೆ ಎರಡು ಮಳೆ ಬೀಳುತ್ತದೆ. ಆಗಲೇ ನೆಲವನ್ನು ಉತ್ತು ಹುಡಿಮಾಡಿ, ಬಿತ್ತುವವರ ಹಾಗೆ ಹದಮಾಡಿ, ಏನನ್ನೂ ಬಿತ್ತದೆ ಬಿಡಬೇಕು. ಎರಡು ವಾರದಲ್ಲಿ ಮೇಲ್ಮಣ್ಣಿನ ಕಳೆ ಹಸುರಾಗಿ ಏಳುತ್ತದೆ. ಅದನ್ನು ಎರಡು ಮೂರು ಸೆಂಟಿಮೀಟರ್ ಆಳಕ್ಕಷ್ಟೇ ಕೆರೆದು ಕೊಂದು, ಇನ್ನೊಂದು ಮಳೆಗೆ ಮತ್ತೊಂದು ತಂಡವನ್ನು ಎಬ್ಬಿಸಿ, ಅದನ್ನೂ ಕೆರೆಯಬೇಕು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವಷ್ಟರಲ್ಲಿ ಮೇಲ್ಪದರದ ನಿಧಿ ಸಾಕಷ್ಟು ಖಾಲಿಯಾಗಿರುತ್ತದೆ.

ಮಾವ: ಇದಕ್ಕೆ ಕಾಲೇಜಿಗೆ ಹೋಗಬೇಕಿತ್ತೇ? ಕೋಣ ಕಟ್ಟಿ ಹೂಡುತ್ತಿದ್ದ ಕಾಲದಲ್ಲಿ ಒಂದೇ ಗದ್ದೆಗೆ ಮೂರು ನಾಲ್ಕು ಸಾಲು ಉಳುಮೆ ಇತ್ತು. ಒಂದು ಸಾಲಿಗೂ ಮುಂದಿನ ಸಾಲಿಗೂ ವಾರ, ಹತ್ತು ದಿನ ಅಂತರ ಬಿಡುತ್ತಿದ್ದರು. ಮೊದಲ ಸಾಲಿಗೆ ಎದ್ದದ್ದು ಎರಡನೆಯದಕ್ಕೆ ಮಣ್ಣಡಿ ಸೇರಿ ಕೊಳೆತು ಗೊಬ್ಬರವಾಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬುದು ಇದಕ್ಕೇ.

ಅಳಿಯ: ಗಿಡ ಹಿತ್ತಲಲ್ಲೇ ಇತ್ತು, ಒಪ್ಪಿಕೊಳ್ಳೋಣ. ಈಗ ಎಲ್ಲಿದೆ? ಬಾಡಿಗೆ ಟಿಲ್ಲರ್ ಬರುವುದು ಒಂದು ದಿನ. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಇನ್ನೊಂದು ಸುತ್ತು, ಮರುದಿನ ನಾಟಿ. ಉಳುಮೆಯ ಸಂಖ್ಯೆ ಉಳಿಯಿತು, ನಡುವಿನ ಅಂತರ ಹೋಯಿತು. ಕಳೆಯನ್ನು ಕೊಲ್ಲುತ್ತಿದ್ದದ್ದು ಆ ಅಂತರ.

ಇದು ಈ ಸಂವಾದದಲ್ಲಿ ಅಳಿಯನ ಅತ್ಯಂತ ಗಟ್ಟಿಯಾದ ಮಾತು. ಒಂದೇ ದಿನದಲ್ಲಿ ಎರಡು ಬಾರಿ ಉತ್ತ ಗದ್ದೆಯಲ್ಲಿ ಬೀಜಗಳು ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಸಮನಾಗಿ ಬೆರೆಯುತ್ತವೆಯೇ ಹೊರತು ಯಾವುದೂ ಮೊಳೆತು ಸಾಯಲು ಸಮಯವೇ ಸಿಗುವುದಿಲ್ಲ. ಆಳದಲ್ಲಿ ಹೂತ ಬೀಜ ಕೆಡದೆ ಬಹುಕಾಲ ಉಳಿಯಬಲ್ಲದು ಎಂಬುದಕ್ಕೆ ಅಮೆರಿಕದ ಮಿಷಿಗನ್ನಿನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಆರಂಭಿಸಿದ ಪ್ರಯೋಗ ಸಾಕ್ಷಿಯಾಗಿದೆ. 21 ಜಾತಿಯ ಸಸ್ಯಗಳಿಂದ ಜಾತಿಗೆ 50ರಂತೆ ಬೀಜಗಳನ್ನು ತೇವದ ಮರಳಿನೊಡನೆ ಬೆರೆಸಿ, ಅಂಥ 20 ಸೀಸೆಗಳನ್ನು ಅವರು ನೆಲದಲ್ಲಿ ಹೂಳಿಟ್ಟರು. 2021ರಲ್ಲಿ, ಹೂಳಿದ 142 ವರ್ಷಗಳ ಮೇಲೆ, ತೆಗೆದ ಸೀಸೆಯಲ್ಲಿಯೂ ಕೆಲವು ಬೀಜಗಳು ಮೊಳೆತವು. ಮುಂದಿನ ಸೀಸೆಯನ್ನು ತೆಗೆಯುವುದು 2040ರಲ್ಲಿ.

ಮಾವ: ಸೀಸೆಯೊಳಗಿನ ಮರಳಲ್ಲಿ ಇರುವೆಯಿಲ್ಲ, ಹುಳವಿಲ್ಲ, ಕೊಳೆಸುವ ಕೆಸರಿಲ್ಲ. ಅಲ್ಲಿ ನೂರು ವರ್ಷ ಉಳಿದದ್ದು ಇಲ್ಲಿ ನಾಲ್ಕು ಮಳೆಗಾಲ ಉಳಿದೀತೇ? ಇನ್ನೊಂದು ಮಾತು. ಸುಗ್ಗಿ ಕೊಯ್ಲಾದ ಮೇಲೆ ಗದ್ದೆಯನ್ನು ಕೂಡಲೇ ಉಳಬೇಡಿ ಎಂದು ಹಿರಿಯರು ಹೇಳುತ್ತಿದ್ದರು. ಉದುರಿದ ಬೀಜ ಮೇಲೆಯೇ ಬಿದ್ದಿದ್ದರೆ ಇರುವೆ, ಹಕ್ಕಿ, ಇಲಿ ಹೆಕ್ಕುತ್ತವೆ. ಎದ್ದ ಹುಲ್ಲನ್ನು ದನ ಮೇಯುತ್ತದೆ, ಅದಕ್ಕೆ ತೆನೆ ಕಟ್ಟಲು ಪುರುಸೊತ್ತೇ ಇರುವುದಿಲ್ಲ. ನೀವು ಬೇಸಿಗೆ ಉಳುಮೆ ಎಂದು ಜನವರಿಯಲ್ಲೇ ಮಣ್ಣು ಮಗುಚಿ, ಹೆಕ್ಕುವವರ ಬಾಯಿಂದ ತಪ್ಪಿಸಿ ಬೀಜವನ್ನು ಹೂತು ಕಾಪಾಡುತ್ತೀರಿ.

ಅಳಿಯ: ಈ ಮಾತಿಗೆ ಆಧಾರವಿದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅಧ್ಯಯನಗಳಲ್ಲಿಯೂ ಮಣ್ಣಿನ ಮೇಲೆ ಬಿದ್ದ ಕಳೆಬೀಜಗಳನ್ನು ಇರುವೆಗಳು ದೊಡ್ಡ ಪ್ರಮಾಣದಲ್ಲಿ ಹೊತ್ತೊಯ್ಯುವುದು ಕಂಡಿದೆ. ಆದರೆ ಲೆಕ್ಕದ ಇನ್ನೊಂದು ಭಾಗ ಹೋಯಿತಲ್ಲ? ಹಟ್ಟಿಯಲ್ಲಿ ದನವಿಲ್ಲ. ಜನವರಿಯಿಂದ ಮೇ ತನಕ ಖಾಲಿ ಬಿದ್ದ ಗದ್ದೆಯಲ್ಲಿ ಎದ್ದ ಹುಲ್ಲೆಲ್ಲ ಹೂ ಬಿಟ್ಟು, ಬೀಜ ಉದುರಿಸಿ, ಅನಂತರವೇ ಒಣಗುತ್ತದೆ. ಇರುವೆ ಹೊತ್ತದ್ದಕ್ಕಿಂತ ಉದುರಿದ್ದು ಹೆಚ್ಚು. ದನ ಇಲ್ಲದ ಮನೆಯಲ್ಲಿ ಉಳದೆ ಬಿಡುವುದಾದರೆ ಉದ್ದನ್ನೋ ಹೆಸರನ್ನೋ ಬಿತ್ತಿ ನೆಲ ಮುಚ್ಚಿಸುವುದು ವಾಸಿ.

ಮಾವ: ನವಿಲಿಗೆ ಉದ್ದು ಬಿತ್ತುವವರು ಬಿತ್ತಲಿ!

ನವಿಲು, ಮಂಗ, ಕಾಡುಹಂದಿಗಳ ಪ್ರಶ್ನೆ ಬಂದಾಗಲೆಲ್ಲ ಕರಾವಳಿಯ ಕೃಷಿ ಚರ್ಚೆಗಳು ಹಾದಿ ತಪ್ಪುವುದರಿಂದ ಅದನ್ನು ಇಲ್ಲಿಗೇ ಬಿಟ್ಟು, ಮಣ್ಣೊಳಗಿನ ಬೀಜಕ್ಕೆ ಹೊರಗಿನ ಸುದ್ದಿ ತಿಳಿಯುವುದು ಹೇಗೆಂಬ ಮುಖ್ಯ ವಿಷಯಕ್ಕೆ ಬರಬೇಕು. ಸಣ್ಣ ಬೀಜದಲ್ಲಿ ಇರುವ ಆಹಾರ ಅತ್ಯಲ್ಪ. ಆಳದಲ್ಲಿ ಮೊಳೆತರೆ ಮೇಲೆ ಬರುವ ಮುನ್ನವೇ ಅದು ಮುಗಿಯುತ್ತದೆ. ಆದ್ದರಿಂದ ಅಂಥ ಹಲವು ಬೀಜಗಳು ಬೆಳಕು ತಾಗದೆ ಮೊಳೆಯುವುದಿಲ್ಲ. ಬೆಳಕನ್ನು ಗುರುತಿಸುವುದು ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಕೆಂಪು ಬೆಳಕು ಅದನ್ನು ಮೊಳೆಯುವ ಕಡೆಗೂ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಅತಿಕೆಂಪು ಬೆಳಕು ತಡೆಯುವ ಕಡೆಗೂ ತಿರುಗಿಸುತ್ತದೆಂದು ಅಮೆರಿಕದ ಬೆಲ್ಟ್ಸ್‌ವಿಲ್ಲಿನ ಸಂಶೋಧಕರು 1952ರಲ್ಲಿ ಲೆಟ್ಯೂಸ್ ಬೀಜಗಳಿಂದ ತೋರಿಸಿದರು. ಹಸುರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಅತಿಕೆಂಪನ್ನು ಬಹುಪಾಲು ಕೆಳಗೆ ಬಿಡುವುದರಿಂದ, ಬೆಳೆದ ಪೈರಿನ ನೆರಳಲ್ಲಿರುವ ಬೀಜಕ್ಕೆ ಮೇಲೆ ಜಾಗವಿಲ್ಲವೆಂಬ ಸೂಚನೆ ತಲುಪುತ್ತದೆ.

ಅಳಿಯ: ಜರ್ಮನಿಯಲ್ಲಿ 1990ರ ಸುಮಾರಿಗೆ ಇದೇ ತತ್ತ್ವದ ಮೇಲೆ ರಾತ್ರಿ ಹೊತ್ತು ಉತ್ತು ನೋಡಿದರು. ಮಗುಚುವ ಕ್ಷಣದಲ್ಲಿ ಬೀಜಕ್ಕೆ ಬೆಳಕು ತಾಗದಿದ್ದರೆ ಕಳೆ ಕಡಿಮೆ ಏಳಬೇಕೆಂದು ಅವರ ಲೆಕ್ಕ. ಕೆಲವು ಕಡೆ ಫಲ ಸಿಕ್ಕಿತು, ಎಲ್ಲ ಕಡೆ ಅಲ್ಲ.

ಮಾವ: ಇಲ್ಲಿ ರಾತ್ರಿ ಕಂಬಳ ಓಡಿಸುವುದಕ್ಕೆ ಹಗಲಿನಷ್ಟೇ ದೀಪ ಹಾಕುತ್ತಾರೆ, ಬೀಜಕ್ಕೆ ಕತ್ತಲೆ ಎಲ್ಲಿಂದ ತರುವುದು! ಅದಿರಲಿ, ನೆರಳಿನ ಮಾತು ನಿಜವಾದರೆ ಹಳೆಯ ನಾಟಿಯೇ ಸರಿಯಾಯಿತಲ್ಲ. ಕೈನಾಟಿಯಲ್ಲಿ ನೇಜಿ ಒತ್ತೊತ್ತಾಗಿ ಬಿದ್ದು ಬೇಗ ನೆಲ ಮುಚ್ಚುತ್ತಿತ್ತು. ಈಗಿನ ನಾಟಿಯಂತ್ರ ಸಾಲಿನಿಂದ ಸಾಲಿಗೆ ಮೊಳದ ಹತ್ತಿರ ಜಾಗ ಬಿಟ್ಟು ಹೋಗುತ್ತದೆ. ಅಲ್ಲಿ ಬಿಸಿಲು ಬಿದ್ದು ಹುಲ್ಲು ಏಳದೆ ಇನ್ನೇನಾಗುತ್ತದೆ?

ಅಳಿಯ: ಮೊಳವಿಲ್ಲ ಮಾವ, 30 ಸೆಂಟಿಮೀಟರ್. ಆದರೆ ಆಕ್ಷೇಪ ಸರಿಯೇ, ಅದಕ್ಕೆ ಇನ್ನೊಂದನ್ನೂ ಸೇರಿಸಬಹುದು. ಯಂತ್ರಕ್ಕೆ ಹಾಕುವ ಚಾಪೆ ನೇಜಿ ಎರಡು ವಾರದ ಎಳೆಯದು, ಗಿಡ್ಡ. ನಾಟಿಯ ದಿನ ಗದ್ದೆಯಲ್ಲಿ ತೆಳುವಾದ ನೀರಷ್ಟೇ ಇರಬೇಕು, ಅನಂತರವೂ ಕೆಲವು ದಿನ ನೀರು ಏರಿಸುವಂತಿಲ್ಲ. ಬೀಜ ಏಳುವ ಹೊತ್ತಿಗೇ ನೀರಿನ ಕಾವಲು ತೆಗೆದ ಹಾಗಾಗುತ್ತದೆ. ಇದರ ಪ್ರತಿಫಲವಾಗಿ ಸಿಗುವುದು ನೇರ ಸಾಲು. ಸಾಲಿದ್ದರೆ ಕೋನೋ ವೀಡರ್ ಓಡುತ್ತದೆ. ಹಲ್ಲಿನ ಉರುಳೆಗಳಿರುವ ಆ ಕೈಯಂತ್ರವನ್ನು ಹತ್ತು ಹನ್ನೆರಡು ದಿನಕ್ಕೊಮ್ಮೆ ತಳ್ಳಿದರೆ ಎಳೆಯ ಕಳೆ ಕೆಸರಿಗೆ ಸೇರುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಿಂದ 1982ರಲ್ಲಿ ಹೊರಟ ಗ್ರಾಮಾಭಿವೃದ್ಧಿ ಯೋಜನೆ ಮೊದಲು ವಿರಳವಾಗಿ ಸಾಲಿನಲ್ಲಿ ನೆಡುವ ‘ಶ್ರೀ’ ಪದ್ಧತಿಯನ್ನೂ ಈಚೆಗೆ ‘ಯಂತ್ರಶ್ರೀ’ ಹೆಸರಿನಲ್ಲಿ ಯಂತ್ರನಾಟಿಯನ್ನೂ ಹಬ್ಬಿಸಿದ್ದು ಸುಮ್ಮನೆ ಅಲ್ಲ. ಒತ್ತಾಗಿ ನೆಟ್ಟರೆ ನೆರಳು ಸಿಗುತ್ತದೆ, ಸಾಲಲ್ಲಿ ನೆಟ್ಟರೆ ಯಂತ್ರ ನುಗ್ಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯಲಾಗದು.

ಮಾವ: ಯಂತ್ರದಲ್ಲಿ ನೆಟ್ಟು ಕಳೆಯಂತ್ರ ತಳ್ಳದೆ ಮನೆಯಲ್ಲಿ ಕೂತವರ ಗದ್ದೆಯನ್ನು ನೋಡಿದರೆ ನಿನ್ನ ವಾದ ಅಲ್ಲೇ ಮುಗಿಯುತ್ತದೆ.

ಇದಕ್ಕೆ ಉತ್ತರವಿಲ್ಲ. ಯಂತ್ರನಾಟಿಯ ಕೆಲಸ ಒಂದು ದಿನದಲ್ಲಿ ಮುಗಿಯುವುದರಿಂದ ಜನ ಅದನ್ನು ಒಪ್ಪಿಕೊಂಡರು. ಅದರ ಜೊತೆಗೆ ಬರಬೇಕಾದ ಮೂರು ಸುತ್ತಿನ ಕಳೆಯಂತ್ರವನ್ನು ಅಷ್ಟಾಗಿ ಒಪ್ಪಿಕೊಳ್ಳಲಿಲ್ಲ. ಬಿಟ್ಟುಹೋದ ಆ ಜಾಗಕ್ಕೆ ಬಂದದ್ದು ಕಳೆನಾಶಕ.

ಅಳಿಯ: ಕಳೆಮದ್ದು ಎಂದರೆ ಬೆಚ್ಚಿಬೀಳಬೇಕಾಗಿಲ್ಲ. ನಾಟಿಯಾದ ಮೂರು ದಿನದೊಳಗೆ ಬೆನ್‌ಸಲ್ಫ್ಯುರಾನ್ ಮೀಥೈಲ್ ಮತ್ತು ಪ್ರೆಟಿಲಾಕ್ಲೋರ್ ಬೆರೆತ ಹರಳನ್ನು ಎಕರೆಗೆ 4 ಕಿಲೋದಂತೆ ಮರಳಲ್ಲಿ ಕಲಸಿ ಎರಚಿದರೆ ಮೇಲ್ಪದರದಲ್ಲಿ ಮೊಳೆಯುವ ಕಳೆ ಚಿಗುರು ಹೊರಬರುವ ಮುನ್ನವೇ ಸಾಯುತ್ತದೆ. ಇದನ್ನು ಉದಯಪೂರ್ವ ಕಳೆನಾಶಕ ಎನ್ನುತ್ತಾರೆ. ಬೇರೂರಿದ ಭತ್ತಕ್ಕೆ ತೊಂದರೆಯಿಲ್ಲ. ಎಂಟು ಜನ ಎರಡು ದಿನ ಮಾಡುವ ಕೆಲಸ ಒಬ್ಬನಿಂದ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಮಾವ: ಮಲಗಿರುವ ಬೀಜಕ್ಕೆ?

ಅಳಿಯ: ಅದಕ್ಕೆ ಏನೂ ಆಗುವುದಿಲ್ಲ. ಮೊಳೆತದ್ದಕ್ಕೆ ಮಾತ್ರ ಇದರ ಏಟು.

ಮಾವ: ಹಾಗಾದರೆ ನೀರಿಗೆ ನೀನು ಹೊರಿಸಿದ ತಪ್ಪೇ ಇದಕ್ಕೂ ಬಂತು. ನೀರಾದರೂ ಮಳೆಯಿಂದ ಪುಕ್ಕಟೆ ಸಿಗುತ್ತದೆ. ಇನ್ನು ಈ ಹರಳು ಕೆಲಸ ಮಾಡಬೇಕಾದರೆ ಗದ್ದೆಯಲ್ಲಿ ಎರಡು ಬೆರಳು ನೀರು ಅಲುಗಾಡದೆ ನಿಲ್ಲಬೇಕು. ಜೂನ್ ಕೊನೆಯಲ್ಲಿ ಪಾಣೆಮಂಗಳೂರಿನ ಬೈಲಿನಲ್ಲಿ ಹುಣಿಯ ಮೇಲಿಂದ ನೀರು ಹಾಯುತ್ತಿರುತ್ತದೆ. ಎರಚಿದ ಮದ್ದು ಕಣಿಗೆ, ಕಣಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ. ಹೊಳೆಯಲ್ಲಿ ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟಿದೆ, ಮಂಗಳೂರಿನವರು ಕುಡಿಯುವುದು ಅಲ್ಲಿನ ನೀರು. ಮಳೆಗಾಲದ ಹೊಳೆಯಲ್ಲಿ ಅದು ಎಷ್ಟು ತೆಳುವಾಗುತ್ತದೋ ಗೊತ್ತಿಲ್ಲ ಎಂದೇ ಇಟ್ಟುಕೊ, ಗದ್ದೆಯ ಬಾಯಿಗೆ ಬರುವ ಮೀನಿಗೆ, ಕಪ್ಪೆಮರಿಗೆ ಅದು ತೆಳುವಾಗಿರುವುದಿಲ್ಲ.

ಅಳಿಯ: ಪ್ರೆಟಿಲಾಕ್ಲೋರ್ ಮೀನಿಗೆ ವಿಷ ಎಂಬುದು ಪುಸ್ತಕದಲ್ಲಿಯೇ ಇದೆ, ಅಡಗಿಸುವುದೇನಿಲ್ಲ. ಹುಣಿ ಮೇಲೆ ನೀರು ಹಾಯುವ ಗದ್ದೆಗೆ ಅದನ್ನು ಹಾಕಬಾರದು. ಆದರೆ ಬೆಟ್ಟಿನಲ್ಲಿ ಹದವಾದ ಮಳೆಯಿರುವಾಗ ಹಾಕಿದರೆ ಅಲ್ಲೇ ನಿಲ್ಲುತ್ತದೆ.

ಮಾವ: ಬೆಟ್ಟಿನಲ್ಲಿ ನೀರು ನಿಲ್ಲುವುದಿಲ್ಲ ಎಂದು ಆಗ ನೀನೇ ಹೇಳಿದ್ದು.

ಅಳಿಯ: ಅದಕ್ಕೇ ಅಲ್ಲಿಗೆ ಹೇಳುವುದು ಹದಿನೈದು ಇಪ್ಪತ್ತು ದಿನಕ್ಕೆ ಎಲೆಯ ಮೇಲೆ ಬಿಡುವ ಬಿಸ್‌ಪೈರಿಬ್ಯಾಕ್ ಸೋಡಿಯಂ. ಕಳೆ ಎರಡರಿಂದ ನಾಲ್ಕು ಎಲೆಯ ಹಂತದಲ್ಲಿರಬೇಕು, ಸಿಂಪಡಿಸಿದ ಮೇಲೆ ಕೆಲವು ಗಂಟೆ ಮಳೆ ಬರಬಾರದು.

ಮಾವ: ಆಟಿ ತಿಂಗಳಲ್ಲಿ ಕೆಲವು ಗಂಟೆ ಮಳೆ ಬಾರದ ದಿನ ಯಾವುದೆಂದು ಪಂಚಾಂಗ ನೋಡಿ ಹೇಳು.

ಮಾವನವರ ಸಂಶಯಕ್ಕೆ ಹವಾಮಾನವಲ್ಲದೆ ಇನ್ನೊಂದು ಆಧಾರವೂ ಇದೆ. ಪಂಜಾಬ್, ಹರಿಯಾಣಗಳ ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲನ್ನು ಐಸೋಪ್ರೊಟ್ಯುರಾನ್ ಒಂದರಿಂದಲೇ ವರ್ಷಾನುಗಟ್ಟಲೆ ಹತೋಟಿಯಲ್ಲಿಟ್ಟಿದ್ದರು. 1990ರ ದಶಕದ ಆರಂಭದ ಹೊತ್ತಿಗೆ ಆ ಮದ್ದಿಗೆ ಬಗ್ಗದ ಗಿಡಗಳೇ ಉಳಿದು, ಬೀಜ ಕಟ್ಟಿ, ನಿಧಿಯನ್ನೆಲ್ಲ ತುಂಬಿದ್ದರಿಂದ ಕೆಲವು ಹೊಲಗಳಲ್ಲಿ ಗೋಧಿಯನ್ನು ಹಸುರಿರುವಾಗಲೇ ಮೇವಿಗೆ ಕೊಯ್ಯಬೇಕಾಯಿತು. ಒಂದೇ ಉಪಾಯವನ್ನು ನೆಚ್ಚಿದರೆ ಬೀಜನಿಧಿಯ ಸ್ವಭಾವವೇ ಬದಲಾಗುತ್ತದೆ ಎಂದು ಅಳಿಯ ನೀರಿನ ಬಗ್ಗೆ ಹೇಳಿದ್ದು ಮದ್ದಿಗೂ ಅಷ್ಟೇ ಅನ್ವಯಿಸುತ್ತದೆ. ಬಿತ್ತುವ ಮುನ್ನ ಎದ್ದ ಕಳೆಗೆ ಗ್ಲೈಫೋಸೇಟ್ ಬಿಡುವ ಅಭ್ಯಾಸವನ್ನಂತೂ ಅಳಿಯನೂ ಒಪ್ಪುವುದಿಲ್ಲ: ಭತ್ತದ ಗದ್ದೆಗೆ ಅದಕ್ಕೆ ನೋಂದಣಿಯೇ ಇಲ್ಲ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿಯುಳ್ಳ ಕೀಟನಿಯಂತ್ರಕರಿಗೆ ಸೀಮಿತಗೊಳಿಸುವ ಅಧಿಸೂಚನೆಯನ್ನೂ ಹೊರಡಿಸಿತು. ಎರಡು ಸೆಂಟಿಮೀಟರ್ ಕೆರೆದರೆ ಸಾಯುವ ಮೊಳಕೆಗೆ ಅದನ್ನು ಸುರಿಯುವುದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ.

ಅಳಿಯ: ಮದ್ದನ್ನು ಬದಿಗಿಡೋಣ. ಹೊಸ ಬೀಜ ಗದ್ದೆಗೆ ಬರದ ಹಾಗೆ ಮಾಡುವುದರಲ್ಲಾದರೂ ಒಮ್ಮತ ಬೇಡವೇ? ಎಕಿನೋಕ್ಲೋವ ಎಂಬ ಹುಲ್ಲು ನೇಜಿಗದ್ದೆಯಲ್ಲೇ ಭತ್ತದ ವೇಷ ಹಾಕಿ ನಿಲ್ಲುತ್ತದೆ. ಅದೇ ಎತ್ತರ, ಅದೇ ಹಸುರು. ನೇಜಿ ತೆಗೆಯುವವರು ಕಟ್ಟಿನೊಳಗೆ ಅದನ್ನೂ ಸೇರಿಸಿ, ಕೈಯಾರೆ ನೆಡುತ್ತಾರೆ.

ಮಾವ: ಗುರುತಿಸುವುದು ಕಷ್ಟವಲ್ಲ. ಎಲೆ ಕಾಂಡವನ್ನು ಸುತ್ತಿಕೊಂಡು ಹೊರಗೆ ಬಾಗುತ್ತದಲ್ಲ, ಆ ಸಂದಿಯನ್ನು ಬಿಡಿಸಿ ನೋಡಬೇಕು. ಭತ್ತವಾದರೆ ಅಲ್ಲಿ ಬಿಳಿಯ ತೆಳು ಪೊರೆಯೊಂದು ನಾಲಗೆಯ ಹಾಗೆ ಎದ್ದಿರುತ್ತದೆ, ಅದರ ಎರಡು ಬದಿಗೆ ರೋಮವಿರುವ ಪುಟ್ಟ ಕಿವಿ. ಆ ಹುಲ್ಲಿನಲ್ಲಿ ನಾಲಗೆಯೂ ಇಲ್ಲ, ಕಿವಿಯೂ ಇಲ್ಲ, ಸಂದಿ ಬೋಳು. ಜೇಕಿನ ಜಾತಿಯದಾದರೆ ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ಸಾಕು, ಮೂರು ಮೂಲೆ ಕೈಗೆ ತಾಗುತ್ತದೆ. ಹಳಬರು ನೇಜಿಗದ್ದೆಗೆ ಸುಡುಮಣ್ಣು ಹಾಕುತ್ತಿದ್ದುದೂ ಇದಕ್ಕೇ. ಸೊಪ್ಪು ತರಗೆಲೆ ಒಟ್ಟಿ ಮೇಲೆ ಮಣ್ಣು ಹೊದೆಸಿ ನಿಧಾನಕ್ಕೆ ಬೇಯಿಸಿದ ಮಣ್ಣಿನಲ್ಲಿ ಜೀವವಿರುವ ಕಳೆಬೀಜ ಉಳಿಯುವುದಿಲ್ಲ. ಹಸಿ ಹಟ್ಟಿಗೊಬ್ಬರ ಹಾಗಲ್ಲ, ದನದ ಹೊಟ್ಟೆ ದಾಟಿ ಬಂದ ಬೀಜ ಅದರಲ್ಲಿ ಸುಖವಾಗಿರುತ್ತದೆ.

ಅಳಿಯ: ಆ ಹುಲ್ಲಿಗಿಂತ ಕಠಿಣವಾದದ್ದು ಕಾಡುಭತ್ತ. ಕೇರಳದಲ್ಲಿ ಇದನ್ನು ವರಿನೆಲ್ಲು ಎನ್ನುತ್ತಾರೆ. ಅದೂ ಭತ್ತದ್ದೇ ಕುಲವಾದ್ದರಿಂದ ನಾಲಗೆ, ಕಿವಿ ಎಲ್ಲ ಇದೆ, ಭತ್ತ ಉಳಿಸಿ ಅದನ್ನು ಕೊಲ್ಲುವ ಸಾಮಾನ್ಯ ಮದ್ದಿಲ್ಲ. ಬೆಳೆ ಮಾಗುವ ಮುನ್ನ ಅದರ ಕಾಳು ಉದುರಿ ಮಣ್ಣು ಸೇರಿರುತ್ತದೆ. ಬೇರೆ ಕಡೆ ಬೀಜದ ಭತ್ತವನ್ನು ಸುಲಿದು ನೋಡಿ, ಬಿಳಿಯಕ್ಕಿಯ ನಡುವೆ ಕೆಂಪು ಕಂಡರೆ ಬೆರಕೆಯೆಂದು ತಿಳಿಯುತ್ತಾರೆ. ಇಲ್ಲಿ ಊಟಕ್ಕೆ ಬೇಕಾದದ್ದೇ ಕೆಂಪಕ್ಕಿ, ಗದ್ದೆ ತುಂಬ ಎಂ.ಒ.4 ಎಂಬ ಕೆಂಪಕ್ಕಿ ತಳಿ. ಸುಲಿದರೆ ಎರಡೂ ಕೆಂಪು. ಹಾಗಾಗಿ ಬೇಕೆಂದೇ ಎಬ್ಬಿಸಿ ಕೊಲ್ಲುವುದು ಬಿಟ್ಟು ಇದಕ್ಕೆ ಬೇರೆ ಉಪಾಯ ಕಡಿಮೆ. ನೀರು, ನೆರಳು ಎರಡನ್ನೂ ಅದು ಭತ್ತದಷ್ಟೇ ಚೆನ್ನಾಗಿ ತಾಳಿಕೊಳ್ಳುತ್ತದೆ.

ಮಾವ: ಮೊದಲಿಗೆ ಅದು ಗದ್ದೆಗೆ ಬಂದದ್ದು ಹೇಗೆ? ಒಳ್ಳೆಯ ತೆನೆ ಆರಿಸಿ, ತಡ್ಪೆಯಲ್ಲಿ ಗೇರಿ, ಮುಡಿ ಕಟ್ಟಿ ಬಿತ್ತ ಇಡುತ್ತಿದ್ದ ಮನೆಗೆ ಅದು ಸುಲಭವಾಗಿ ಬರುತ್ತಿರಲಿಲ್ಲ. ನೂರಾರು ತಳಿ ಕಾಪಾಡಿ 2024ರಲ್ಲಿ ಪದ್ಮಶ್ರೀ ಪಡೆದ ಕಾಸರಗೋಡಿನ ಸತ್ಯನಾರಾಯಣ ಬೆಳೇರಿಯವರು ಬೆರಕೆಯಾಗದಿರಲೆಂದು ಚೀಲಗಳಲ್ಲಿ ಭತ್ತ ಬೆಳೆಸುತ್ತಾರೆ, ಅಷ್ಟು ಜಾಗ್ರತೆ. ಈಗ ಹೊರ ಜಿಲ್ಲೆಗಳಿಂದ ಬಾಡಿಗೆಗೆ ಬರುವ ಕಟಾವು ಯಂತ್ರ ಒಂದು ಊರಿನ ಬೀಜವನ್ನು ಹೊಟ್ಟೆಯಲ್ಲಿಟ್ಟುಕೊಂಡು ಇನ್ನೊಂದು ಊರಿಗೆ ಇಳಿಸಿ ಹೋಗುತ್ತದೆ.

ಅಳಿಯ: ಯಂತ್ರವನ್ನು ಗದ್ದೆಗಿಳಿಸುವ ಮುನ್ನ ಗಾಳಿ ಹೊಡೆದು ಚೊಕ್ಕ ಮಾಡಿಸಬಹುದು. ಆಸ್ಟ್ರೇಲಿಯಾದ ರೇ ಹ್ಯಾರಿಂಗ್‌ಟನ್ ಎಂಬ ಗೋಧಿ ಬೆಳೆಗಾರ ಕೊಯ್ಲಿನ ಹೊಟ್ಟಿನಲ್ಲಿ ಬರುವ ಕಳೆಬೀಜವನ್ನು ಅಲ್ಲೇ ಅರೆದು ಹಾಕುವ ಯಂತ್ರವನ್ನೇ ರೂಪಿಸಿದ್ದಾರೆ.

ಮಾವ: ಅಲ್ಲಿನ ಕಳೆ ಕೊಯ್ಲಿನ ತನಕ ಬೀಜ ಹಿಡಿದುಕೊಂಡು ಕಾಯುತ್ತದೇನೋ. ಇಲ್ಲಿನದು ಯಂತ್ರ ಬರುವ ಮೊದಲೇ ಉದುರಿಸಿ ಕೈ ತೊಳೆದುಕೊಂಡಿರುತ್ತದೆ. ಅರೆಯಲು ಏನು ಉಳಿದಿರುತ್ತದೆ? ಅದೂ ಅಲ್ಲದೆ ಹೊಳೆಬದಿಯವರಿಗೆ ಬೀಜ ಬರುವುದು ಯಂತ್ರದಿಂದ ಮಾತ್ರವಲ್ಲ. 1923ರ ನೆರೆಯನ್ನೂ 1974ರ ನೆರೆಯನ್ನೂ ಈ ಊರು ಮರೆತಿಲ್ಲ. ನೇತ್ರಾವತಿ ಒಮ್ಮೆ ಗದ್ದೆಗೆ ನುಗ್ಗಿ ಇಳಿದರೆ ಹೂಳಿನ ಜೊತೆಗೆ ಮೇಲಿನ ಊರುಗಳ ಬೀಜವೆಲ್ಲ ಬೈಲಿಗೆ. ನಿನ್ನ ನಿಧಿಯನ್ನು ಐದು ವರ್ಷ ಕಷ್ಟಪಟ್ಟು ಖಾಲಿ ಮಾಡಿದರೂ ಹೊಳೆ ಒಂದು ರಾತ್ರಿಯಲ್ಲಿ ತುಂಬುತ್ತದೆ. ಬೈಲಿನವನಿಗೆ ನೀರೇ ಗತಿ ಎನ್ನುವುದು ಇದಕ್ಕೆ.

ಅಳಿಯ: ಬೆಟ್ಟಿಗೆ ನೆರೆ ಬರುವುದಿಲ್ಲವಲ್ಲ, ಅಲ್ಲಿ ಖಾಲಿ ಮಾಡಿದ್ದು ಉಳಿಯುತ್ತದೆ.

ಮಾವ: ಉಳಿಯಲಿ. ಆದರೆ ಒಂದು ವರ್ಷ ಪತ್ತನಾಜೆಗೂ ಮೊದಲೇ ಮಳೆ ಹಿಡಿದು ಬಿಡದೆ ಸುರಿದರೆ ಎದ್ದ ಕಳೆಯನ್ನು ಕೆರೆಯಲು ನೆಲ ಆರುವುದಿಲ್ಲ. ಆಗ ನೀನು ಎಬ್ಬಿಸಿದ ಕಳೆಯ ಮೇಲೆಯೇ ನೆಡಬೇಕಾಗುತ್ತದೆ, ಏನೂ ಮಾಡದೆ ಇದ್ದವನ ಗದ್ದೆ ನಿನ್ನದಕ್ಕಿಂತ ಚೊಕ್ಕವಾಗಿರುತ್ತದೆ.

ಅಳಿಯ: ಅಂಥ ವರ್ಷ ಎಬ್ಬಿಸಿದ್ದನ್ನು ಕೆಸರುಳುಮೆಯಲ್ಲೇ ಮುಳುಗಿಸಿ, ವಾರ ನೀರು ನಿಲ್ಲಿಸಿ ಕೊಳೆಸಿ, ತಡವಾಗಿ ನೆಡುವುದೊಂದೇ ದಾರಿ. ತಡವಾದ ನಾಟಿಗೆ ಇಳುವರಿ ಕಡಿಮೆಯಾಗುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಇಲ್ಲಿಗೆ ಇಬ್ಬರೂ ತಂತಮ್ಮ ಗದ್ದೆಗೆ ಮರಳುತ್ತಾರೆ. ಬೈಲಿನಲ್ಲಿ ನೀರು ಕಟ್ಟಿ ಮಲಗಿಸುವ ಕ್ರಮ ಮುಂದುವರಿಯುತ್ತದೆ, ಬೆಟ್ಟಿನಲ್ಲಿ ಎಬ್ಬಿಸುವ ಪ್ರಯತ್ನ ನಡೆಯುತ್ತದೆ, ಎರಡರ ನಡುವಣ ಮಜಲಿಗೆ ಯಾವುದು ಹೊಂದುತ್ತದೆಂಬುದು ಆಯಾ ವರ್ಷದ ಮುಂಗಾರುಪೂರ್ವ ಮಳೆಯ ಮೇಲೆ ನಿಂತಿದೆ. ಉದಯಪೂರ್ವ ಮದ್ದಿನ ವಿಷಯದಲ್ಲಿ ಒಪ್ಪಂದವಾಗಿಲ್ಲ. ಒಪ್ಪಿದ್ದು ಎರಡು ಕೆಲಸಗಳನ್ನು: ಹುಣಿಯ ಮೇಲೂ ಖಾಲಿ ಗದ್ದೆಯಲ್ಲೂ ಎದ್ದ ಹುಲ್ಲನ್ನು ತೆನೆ ಕಟ್ಟುವ ಮುನ್ನ ಕೊಯ್ಯುವುದು, ಮತ್ತು ಯಾವ ಕ್ರಮವನ್ನು ಆರಿಸುವ ಮೊದಲೂ ಗದ್ದೆಯಲ್ಲಿ ಇರುವುದೇನೆಂದು ನೋಡುವುದು. ಎರಡನೆಯದಕ್ಕೆ ಪ್ರಯೋಗಾಲಯ ಬೇಕಿಲ್ಲ. ಏಪ್ರಿಲ್ ತಿಂಗಳಲ್ಲಿ ಗದ್ದೆಯ ಹತ್ತು ಕಡೆಯಿಂದ ಮೇಲಿನ ಐದು ಸೆಂಟಿಮೀಟರ್ ಮಣ್ಣನ್ನು ತೆಗೆದು, ಬೆರೆಸಿ, ಅಗಲವಾದ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಒಂದು ತಟ್ಟೆಯನ್ನು ತೇವವಾಗಿಯೂ ಇನ್ನೊಂದನ್ನು ನೀರು ನಿಲ್ಲಿಸಿಯೂ ಬಯಲಲ್ಲಿ ಮೂರು ವಾರ ಇಟ್ಟರೆ, ಆ ಗದ್ದೆಯ ಕಳೆಗಳಲ್ಲಿ ನೀರಿಗೆ ಅಂಜುವವು ಯಾವುವು, ಅಂಜದವು ಯಾವುವು ಎಂಬುದನ್ನು ಟಿಲ್ಲರಿಗೆ ಮುಂಗಡ ಕೊಡುವ ಮೊದಲೇ ಪ್ರತಿಯೊಬ್ಬ ಕೃಷಿಕನೂ ಎಣಿಸಿ ತಿಳಿಯಬಹುದು.